ಫೋನಿನೊಳಗಿನ ಹನ್ನೊಂದು ಹಗ್ಗ

ಯಾವುದಾದರೂ ಕೆಟ್ಟು ನಿಂತರೆ ಯಾಕೆ ಕೆಟ್ಟಿತು ಎಂದು ಕೇಳಲು ಊರಲ್ಲಿ ನೂರು ಜನ ಸಿಗುತ್ತಾರೆ. ಕೆಟ್ಟದ್ದು ಸರಿಹೋದಾಗ, ಅದು ಹೇಗೆ ಸರಿಹೋಯಿತು ಎಂದು ಕೇಳುವವಳು ಲೊಕ್ಕನಹಳ್ಳಿಯಲ್ಲಿ ಒಬ್ಬಳೇ. ಅವಳೇ ಯಶೋದ. ಅವಳ ಗಂಡ ಮಾದೇಶ ಹನೂರಿನಲ್ಲಿ ಗೂಡ್ಸ್ ಆಟೋ ಓಡಿಸುತ್ತಾನೆ. ಹೆಂಡತಿಯ ಪ್ರಶ್ನೆಗಳಿಗೆ ಹೆದರಿಯೇ ಅವನು ಬೆಳಿಗ್ಗೆ ಏಳಕ್ಕೆಲ್ಲ ಮನೆ ಬಿಡುವುದು ಎಂದು ಊರವರು ನಗುತ್ತಾರೆ. ನಗಲಿ ಬಿಡಿ. ಊರವರಿಗೂ ಹೊತ್ತು ಹೋಗಬೇಕಲ್ಲ.

ಯಶೋದ ಪಶು ಸಖಿ. ಕೊಳ್ಳೇಗಾಲದಲ್ಲಿ ಒಂದು ಗೋಪಾಲಕರ ಸಂಘವಿದೆ. ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ತಾಲ್ಲೂಕಿನ ಸದಸ್ಯರ ದನಗಳಿಗೆ ಲಸಿಕೆ, ಔಷಧ ಎಲ್ಲ ಅದರ ಹೊಣೆ. ಊರಿಗೊಬ್ಬಳಂತೆ ತರಬೇತಿ ಕೊಟ್ಟು ಹೆಂಗಸರನ್ನು ಇಟ್ಟುಕೊಂಡಿದೆ. ಒಟ್ಟು ಹದಿನಾಲ್ಕು ಸಾವಿರ ದನ. ಪ್ರತಿಯೊಂದರ ಕಿವಿಯಲ್ಲೂ ಹಳದಿ ಬಿಲ್ಲೆ, ಬಿಲ್ಲೆಯ ಮೇಲೆ ನಂಬರು. ಅಷ್ಟೂ ದನಗಳು ಯಶೋದಳ ಫೋನಿನಲ್ಲಿ 'ಕೊಟ್ಟಿಗೆ' ಎಂಬ ಆ್ಯಪಿನೊಳಗಿದ್ದವು. ಒಂದು ದನಕ್ಕೆ ಒಂದು ಸಾಲು: ಫೋಟೋ, ನಂಬರು, ಯಜಮಾನರ ಹೆಸರು. ಲಸಿಕೆ ಆಗಿದ್ದರೆ ಪಕ್ಕದಲ್ಲಿ ಹಸಿರು ಟಿಕ್.

ಈ ಆ್ಯಪು ಮೊದಲು ಹೇಗಿತ್ತು ಅಂತೀರಿ! ಪಟ್ಟಿಯ ಮೇಲೆ ಬೆರಳಿಟ್ಟರೆ ಫೋನು ಬಿಳಿಚಿಕೊಂಡು ನಿಂತುಬಿಡುತ್ತಿತ್ತು. ಅದು ಕಣ್ಣು ಬಿಡುವಷ್ಟರಲ್ಲಿ ಒಂದು ಹಸುವಿನ ಹಾಲು ಕರೆದು ಮುಗಿಸಬಹುದಿತ್ತು. ಬೆರಳಲ್ಲಿ ಎಳೆದರೆ ಪಟ್ಟಿ ಜರುಗುತ್ತಿರಲಿಲ್ಲ, ಫೋನು ಮಾತ್ರ ಕಾವಲಿಯಂತೆ ಕಾಯುತ್ತಿತ್ತು. ಆಮೇಲೆ ಒಂದು ದಿನ ಹೊಸ ಆ್ಯಪು ಬಂತು. ಬೆರಳಿಟ್ಟಿದ್ದೇ ತಡ, ಪಟ್ಟಿ ತೆರೆದು ಸರಸರನೆ ಓಡತೊಡಗಿತು. ಎಲ್ಲ ಪಶು ಸಖಿಯರೂ 'ಸದ್ಯ, ಪೀಡೆ ಹೋಯ್ತು' ಎಂದುಕೊಂಡು ಮರೆತರು. ನಮ್ಮ ಯಶೋದ ಮಾತ್ರ ಆ ಸಂಜೆಯೆಲ್ಲ ಪಟ್ಟಿಯನ್ನು ಮೇಲೆ ಕೆಳಗೆ ಎಳೆಯುತ್ತ ಕೂತಳು.

"ಅದೇ ಫೋನು, ಅದೇ ದನ. ಎಂಗ್ ಮಾವ ಇಷ್ಟು ಬಿರ್ನೆ ಓಡ್ತದೆ?" ಎಂದು ಮಾವ ಚಿಕ್ಕಮಾದಪ್ಪನನ್ನು ಕೇಳಿದಳು.

ಚಿಕ್ಕಮಾದಪ್ಪ ಅರ್ಧ ಆಯುಸ್ಸನ್ನು ಕಾಡಂಚಿನ ದೊಡ್ಡಿಯಲ್ಲಿ ದನಗಳ ಜೊತೆ ಕಳೆದವನು. "ಓಡಿದ್ರೆ ಓಡ್ಲಿ ಬುಡವ್ವ. ನಿಂಗೇನು, ಅದ್ರ ಹಿಂದೆ ನೀನೂ ಓಡ್ಬೇಕಾ?" ಎಂದು ಎಲೆಗೆ ಸುಣ್ಣ ಸವರಿಕೊಂಡ.

ಕಾಲುಬಾಯಿ ಜ್ವರದ ಲಸಿಕೆಯ ದಿನ ಬಂತು. ಸಂಘದ ಲಸಿಕೆ ಹಾಕುವ ನಾಗರಾಜು ಬೆಳಿಗ್ಗೆಯೇ ಬಂದು ಊರಿನ ಕೆಳಗಿನ ಬೀದಿ ತನಗೆ, ಮೇಲಿನ ಬೀದಿ ಯಶೋದಳಿಗೆ ಎಂದು ಹಂಚಿದ. "ಮೇಲಿನ ಬೀದೀಲಿ ಒಂದೆರಡು ಮುಗಿಸಿವ್ನಿ ಕಣಕ್ಕ, ಟಿಕ್ ನೋಡ್ಕೊ" ಎಂದು ಹೊರಟೇಹೋದ. ಒಂದೆರಡು ಎಂದರೆ ಒಂದೋ ಎರಡೋ? ಕೇಳುವ ಮೊದಲೇ ಅವನ ಬೈಕು ತಿರುವು ದಾಟಿತ್ತು.

ಚುಚ್ಚುವಾಗ ಸಗಣಿ ಕೈಯಲ್ಲಿ ಫೋನು ಮುಟ್ಟಲಾಗುವುದಿಲ್ಲ. ಅದಕ್ಕೆ ಯಶೋದಳದ್ದೊಂದು ಪದ್ಧತಿ. ಜಗಲಿಯ ಮೇಲೆ ಕೂತು ಪಟ್ಟಿಯನ್ನು ಮೆಲ್ಲಗೆ ಒಂದೊಂದೇ ಸಾಲು ಸರಿಸುತ್ತ, ಟಿಕ್ ಇಲ್ಲದ ದನಗಳನ್ನಷ್ಟೇ ನೋಟುಬುಕ್ಕಿಗೆ ಇಳಿಸಿಕೊಳ್ಳುವುದು. ಆಮೇಲೆ ಬುಕ್ಕು ಹಿಡಿದು ಮನೆ ಮನೆ ತಿರುಗುವುದು. ಅಂದು ಮೇಲಿನ ಬೀದಿಯಲ್ಲಿದ್ದದ್ದು ನೂರಾ ಹದಿನೆಂಟು ದನ. ಅದರಲ್ಲಿ ಹನ್ನೊಂದಕ್ಕೆ ಟಿಕ್ ಇತ್ತು. 'ಒಂದೆರಡು ಅಂದೋನು ಹನ್ನೊಂದು ಮಾಡವ್ನಲ್ಲ, ಪರವಾಗಿಲ್ಲ ನಾಗರಾಜು' ಎಂದುಕೊಂಡು ಉಳಿದ ನೂರಾ ಏಳನ್ನು ಬರೆದುಕೊಂಡಳು. ಟಿಕ್ ಆದವುಗಳಲ್ಲಿ ಅವಳ ಮನೆಯದೇ ಹಸು ಕೆಂದಿಯೂ ಇತ್ತು. ಕೆಂದಿಗೆ ಆಗಿದೆಯಂತೆ ಎಂದು ಮಾವನಿಗೂ ಹೇಳಿದಳು.

ಇನ್ನೊಂದು ಟಿಕ್ ಮಾದೇವಮ್ಮನ ಗೌರಿಯದು. ಮಾದೇವಮ್ಮನ ಮನೆ ಪಕ್ಕದ್ದೇ, ನಡುವೆ ಮೊಣಕಾಲುದ್ದದ ಗೋಡೆ. ತಿಪ್ಪೆಗುಂಡಿಯ ಜಾಗಕ್ಕೆ ಮೂರು ವರ್ಷದ ಹಿಂದೆ ಜಗಳವಾಗಿ, ಎರಡು ಮನೆಯ ಹೆಂಗಸರಿಗೂ ಅಂದಿನಿಂದ ಮಾತಿಲ್ಲ. ಗೌರಿಯ ಮುಂದೆ ಹಸಿರು ಟಿಕ್ ಕಂಡಾಗ ಯಶೋದಳ ಬಾಯಿಂದ ತಾನಾಗಿಯೇ ಒಂದು 'ಸದ್ಯ' ಬಂತು. ಯಾರೂ ಕೇಳಿಸಿಕೊಳ್ಳಲಿಲ್ಲ. ನಾನೂ ಈಗ ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಮೂರು ವಾರ ಕಳೆಯಿತು. ಅಜ್ಜೀಪುರದ ಕಡೆಯಿಂದ ಜ್ವರ ಬರುತ್ತಿದೆ ಎಂಬ ಸುದ್ದಿ ಮೊದಲು ಬಂತು, ಹಿಂದೆಯೇ ಜ್ವರವೂ ಬಂತು. ಒಂದು ಶುಕ್ರವಾರ ಬೆಳಿಗ್ಗೆ ಗೌರಿ ಮೇವು ಮೂಸಿ ನೋಡಲಿಲ್ಲ. ಬಾಯಿಂದ ಜೊಲ್ಲು ದಾರದ ಹಾಗೆ ಇಳಿಯುತ್ತಿತ್ತು, ಗೊರಸಿನ ಸಂದಿಯಲ್ಲಿ ಹುಣ್ಣು. ಆರು ತಿಂಗಳ ಗಬ್ಬದ ಹಸು. ಗಂಡನಿಲ್ಲದ ಮಾದೇವಮ್ಮ ಅದನ್ನು ಕರುವಿನಿಂದ ಮಗಳಂತೆ ಸಾಕಿದ್ದಳು.

ಸಂಘದ ಡಾಕ್ಟರು ಸದಾಶಿವಪ್ಪ ಲ್ಯಾಪ್‌ಟಾಪ್ ಸಮೇತ ಬಂದರು. ಹಸುವನ್ನು ನೋಡಿ, ಔಷಧ ಕೊಟ್ಟು, ಜಗಲಿಯ ಮೇಲೆ ಕೂತು ನಂಬರು ಒತ್ತಿದರು. ಹುಬ್ಬು ಗಂಟಾಯಿತು.

"ಈ ಹಸುಗೆ ಲಸಿಕೆ ಹಾಕಿಲ್ಲವಲ್ಲಮ್ಮ ಯಶೋದ. ಮೇಲಿನ ಬೀದಿಯಲ್ಲಿ ಒಟ್ಟು ಹತ್ತು ದನ ಖಾಲಿ ಇವೆ."

"ಆಗ್ಯದೆ ಸಾ. ನಾಗರಾಜು ಆಕವ್ನೆ. ನನ್ನ ಫೋನಲ್ಲಿ ಟಿಕ್ ಅದೆ, ನೋಡಿ" ಎಂದು ಯಶೋದ ಪಟ್ಟಿ ತೆರೆದು ಎಳೆದು ತೋರಿಸಿದಳು. ಗೌರಿಯ ಮುಂದೆ ಹಸಿರು ಟಿಕ್ ಇತ್ತು.

ಡಾಕ್ಟರು ಗೌರಿಯ ಸಾಲನ್ನು ಒತ್ತಿದರು. ಆ ಹಸುವಿನ ಪೂರ್ತಿ ವಿವರದ ಪುಟ ತೆರೆಯಿತು. 'ಲಸಿಕೆ' ಎಂಬಲ್ಲಿ ಖಾಲಿ. ಹಿಂದಕ್ಕೆ ಬಂದರೆ ಪಟ್ಟಿಯಲ್ಲಿ ಟಿಕ್, ಒಳಗೆ ಹೋದರೆ ಖಾಲಿ. ಯಶೋದ ನಾಲ್ಕು ಸಲ ಒಳಗೆ ಹೊರಗೆ ಹೋಗಿ ಬಂದಳು. ಆಗಲೂ ಅವಳ ತಲೆ 'ಇದು ಎಂಗ್ ಸಾಧ್ಯ?' ಎಂದು ಕೇಳುತ್ತಿತ್ತು. ಅವಳ ಹಣೆಬರಹವೇ ಅದು.

ನಾಗರಾಜುವನ್ನು ಕರೆಸಿದರು. "ನಾನ್ ಮಾಡಿದ್ದು ಶಿವಮಲ್ಲಪ್ಪನೋರ ಎತ್ತು ಒಂದೇ ಸಾ. ಅದು ಎಂಗಸ್ರು ಕಂಡ್ರೆ ಹಾಯ್ತದೆ ಅಂತ ನಾನೇ ಮುಗಿಸಿದ್ದೆ" ಎಂದ.

ಅಷ್ಟು ಸಾಕಾಯಿತು ಮಾದೇವಮ್ಮನಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬೀದಿಗೆ ಬಂದಳು. "ನೋಡ್ರಪ್ಪ ನೋಡ್ರಿ! ತಿಪ್ಪೆ ಜಗಳ ನನ್ನ ಮ್ಯಾಲೆ ಇತ್ತು, ಬಾಯಿಲ್ದ ಅಸ ಏನ್ ಮಾಡಿತ್ತು ಇವ್ಳಿಗೆ? ಬೇಕಂತ್ಲೇ ಬುಟ್ಟವ್ಳೆ!"

"ಮಾದೇವಕ್ಕ, ಡಾಕ್ಟ್ರ ಪಟ್ಟೀಲಿ ನನ್ನ ಕೆಂದಿನೂ ಖಾಲಿ ಅದೆ" ಎಂದು ಯಶೋದ ಮೂರು ವರ್ಷದ ಮೇಲೆ ಮೊದಲ ಸಲ ಅವಳೊಂದಿಗೆ ಮಾತಾಡಿದಳು.

"ನಿನ್ನ ಅಸಕ್ಕೆ ಗುಟ್ಟಾಗಿ ಚುಚ್ಕಂಡಿರ್ತೀಯ, ಬರ್ದಿರಲ್ಲ. ನಾವೇನು ಮಣ್ ತಿಂತೀವಾ?"

ಬೀದಿಯಲ್ಲಿ ನಿಂತಿದ್ದವರು ತಲೆ ತಗ್ಗಿಸಿದರು. ಡಾಕ್ಟರು ನಾಗರಾಜುವಿನ ಕೈಲಿ ಉಳಿದ ಒಂಬತ್ತು ದನಕ್ಕೆ ಅಲ್ಲೇ ಲಸಿಕೆ ಹಾಕಿಸಿದರು. ಹೊರಡುವಾಗ ಯಶೋದಳ ಔಷಧದ ಪೆಟ್ಟಿಗೆಯನ್ನು ಜೀಪಿಗೆ ಇಟ್ಟುಕೊಂಡರು. "ಮಂಗಳವಾರ ಸಂಜೆ ಡೈರಿ ಹತ್ತಿರ ಎಲ್ಲರೂ ಸೇರೋಣ. ಏನು ನಡೀತು ಅಂತ ಅಲ್ಲಿ ಹೇಳಮ್ಮ. ಒಪ್ಪಿಗೆಯಾದರೆ ಪೆಟ್ಟಿಗೆ ನಿಂದು. ಇಲ್ಲದಿದ್ರೆ ಬೇರೆಯವರನ್ನ ನೋಡ್ಬೇಕಾಗ್ತದೆ" ಎಂದರು. ಖಾಲಿ ಇದ್ದ ಹತ್ತು ದನಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆದು ಅವಳ ಕೈಗಿಟ್ಟರು.

ಪೆಟ್ಟಿಗೆ ಹೋದರೆ ಇನ್ನೊಂದು ಕೆಲಸ ಸಿಕ್ಕೀತು. ಪಕ್ಕದ ಮನೆಯ ಹಸುವಿಗೆ ಹಗೆಯಿಂದ ರೋಗ ಬರಿಸಿದವಳು ಎಂಬ ಹೆಸರು ಬಂದರೆ, ಆ ಬೀದಿಯಲ್ಲಿ ಅವಳು ತಲೆಯೆತ್ತಿ ನಡೆಯುವುದು ಹೇಗೆ? ಅಂದು ಯಶೋದಳಿಗೆ ಊಟ ಸೇರಲಿಲ್ಲ.

ಶನಿವಾರ ದೊಡ್ಡಿಯ ದನಗಳಿಗೆ ಲಸಿಕೆ. ದೊಡ್ಡಿ ಎಂದರೆ ಕಾಡಂಚಿನಲ್ಲಿ ಮುಳ್ಳುಬೇಲಿ ಕಟ್ಟಿ ಊರಿನ ಬರಡು ದನ, ಹೋರಿಗರುಗಳನ್ನೆಲ್ಲ ಒಟ್ಟಿಗೆ ಕೂಡಿಹಾಕುವ ಜಾಗ. ನೂರೈವತ್ತು ತಲೆ. ಪೆಟ್ಟಿಗೆ ಇಲ್ಲದ ಯಶೋದಳಿಗೆ ಅಲ್ಲಿ ಕೆಲಸವಿರಲಿಲ್ಲ. ಮನೆಯಲ್ಲಿ ಕೂತರೆ ಗೋಡೆಯಾಚೆ ಗೌರಿ ನರಳುವುದು ಕೇಳಿಸುತ್ತಿತ್ತು. "ಬಾ, ಹಗ್ಗನಾದ್ರೂ ಇಡ್ಕೊ" ಎಂದು ಚಿಕ್ಕಮಾದಪ್ಪ ಕರೆದುಕೊಂಡು ಹೋದ.

ದೊಡ್ಡಿಯ ಪದ್ಧತಿ ಹೀಗೆ. ಬೇಲಿಯ ಒಂದು ಮೂಲೆಯಲ್ಲಿ ಎರಡು ಸಾಲು ಬೊಂಬು ಕಟ್ಟಿ, ಒಂದೇ ದನ ಹಿಡಿಸುವಷ್ಟು ಇಕ್ಕಟ್ಟು ದಾರಿ ಮಾಡಿರುತ್ತಾರೆ. ಅದರೊಳಗೆ ಒಂದರ ಹಿಂದೊಂದು ಆರು ದನ ನಿಲ್ಲುತ್ತವೆ. ಚಿಕ್ಕಮಾದಪ್ಪನ ಹತ್ತಿರ ಇರುವುದೂ ಆರೇ ಹಗ್ಗ. ಮುಂದಿನ ದನಕ್ಕೆ ಚುಚ್ಚಿದ ತಕ್ಷಣ ಅದರ ಕೊರಳ ಹಗ್ಗಕ್ಕೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ, ಇದಕ್ಕೆ ಆಯಿತು ಎಂಬ ಗುರುತಿಗೆ. ಬಾಗಿಲಲ್ಲಿ ನಿಂತವನು ಕೆಂಪು ಬಟ್ಟೆ ನೋಡಿಯೇ ದನವನ್ನು ಹೊರಗೆ ಬಿಡುವುದು. ಬಿಡುವಾಗ ಹಗ್ಗ ಕಳಚಿ, ಹಿಂದಕ್ಕೆ ಓಡಿ, ಹೊಸದಾಗಿ ಒಳಬಂದ ದನದ ಕೊರಳಿಗೆ ಅದೇ ಹಗ್ಗ ಹಾಕುವುದು. ನೂರೈವತ್ತು ದನಕ್ಕೆ ನೂರೈವತ್ತು ಹಗ್ಗ ಯಾರು ಹೊಸೆಯುತ್ತಾರೆ?

ಹಗ್ಗ ಕಳಚಿ ಹಿಂದಕ್ಕೆ ಒಯ್ಯುವುದು ಯಶೋದಳ ಪಾಲಿಗೆ ಬಂತು. ಅವಳ ಕೈ ಅಲ್ಲಿತ್ತು, ಮನಸ್ಸು ಮಂಗಳವಾರದಲ್ಲಿತ್ತು. ಸ್ವಲ್ಪ ಹೊತ್ತಿಗೆ ಬಾಗಿಲ ಬಳಿ ಒಂದು ಕಪ್ಪು ಕಡಸು ಬಂದು ನಿಂತಿತು. ಕೊರಳಲ್ಲಿ ಕೆಂಪು ಬಟ್ಟೆ ಇತ್ತು. ಯಶೋದ ಹಗ್ಗಕ್ಕೆ ಕೈ ಹಾಕಿದಳು.

"ತಡಿ, ತಡಿ! ಅದ್ಕೆ ಚುಚ್ಚಿಲ್ಲ!" ಎಂದು ಚಿಕ್ಕಮಾದಪ್ಪ ಕೂಗಿದ.

"ಬಟ್ಟೆ ಅದಲ್ಲ ಮಾವ?"

"ಅದು ಈ ಅಸದ ಬಟ್ಟೆ ಅಲ್ಲ ಕಣವ್ವ, ಆಗ್ಲೇ ಓದ ಬಿಳೀ ಎತ್ತಿಂದು. ಅಗ್ಗ ತರೋವಾಗ ನೀನು ಬಟ್ಟೆ ಬಿಚ್ಚಿಲ್ಲ. ಅಗ್ಗದ ಜೊತೆ ಬಟ್ಟೆನೂ ಬಂದ್ಬುಡ್ತು. ಎಲ್ಲಿಟ್ಟಿದ್ದೀಯ ತಲೆಯ?"

ಯಶೋದ ಕೈಯಲ್ಲಿದ್ದ ಹಗ್ಗವನ್ನೇ ನೋಡುತ್ತ ನಿಂತುಬಿಟ್ಟಳು. ಕಡಸು ಅವಳ ಸೀರೆ ಜಗಿಯತೊಡಗಿದ್ದೂ ಗೊತ್ತಾಗಲಿಲ್ಲ.

"ಮಾವ, ಬಿಳೀ ಎತ್ತಾದ ಮ್ಯಾಲೆ ಇದು ಎಷ್ಟನೇದು?"

"ಆರನೇದು. ಆರು ಅಗ್ಗ ಅಲ್ವಾ, ಆರನೇದ್ಕೇ ಬರೋದು."

ಅವಳು ಕುಪ್ಪಸದಲ್ಲಿ ಮಡಿಸಿಟ್ಟಿದ್ದ ಡಾಕ್ಟರ ಹಾಳೆಯನ್ನು ತೆಗೆದಳು. ಹತ್ತು ಹೆಸರು, ಪ್ರತಿ ಹೆಸರಿನ ಮುಂದೆ ಪಟ್ಟಿಯಲ್ಲಿ ಅದು ಎಷ್ಟನೆಯದು ಎಂಬ ಅಂಕಿ. ಮಾದೇವಮ್ಮನ ಗೌರಿ ಹದಿನಾಲ್ಕು. ಅವಳದೇ ಕೆಂದಿ ಇಪ್ಪತ್ತೈದು. ಆಮೇಲೆ ಮೂವತ್ತಾರು, ನಲವತ್ತೇಳು, ಐವತ್ತೆಂಟು. ಯಶೋದ ಬೆರಳು ಮಡಚಿ ಎಣಿಸಿದಳು. ಇನ್ನೊಮ್ಮೆ ಎಣಿಸಿದಳು. ಕೊನೆಯ ನೂರಾ ಹದಿಮೂರರವರೆಗೂ ಒಂದಕ್ಕೂ ಮುಂದಿನದಕ್ಕೂ ಹನ್ನೊಂದೇ ಅಂತರ. ಹದಿನಾಲ್ಕರಿಂದ ಹಿಂದಕ್ಕೆ ಹನ್ನೊಂದು ಹೋದರೆ ಮೂರು. ಪಟ್ಟಿಯಲ್ಲಿ ಮೂರನೆಯದು ಯಾರದು? ಶಿವಮಲ್ಲಪ್ಪನ ಹಾಯುವ ಎತ್ತು! ನಾಗರಾಜು ನಿಜವಾಗಿ ಚುಚ್ಚಿದ ಒಂದೇ ಒಂದು.

"ಮಾವಾ! ಫೋನ್ ಒಳಗೂ ಅಗ್ಗ ಅವೆ! ಹನ್ನೊಂದೇ ಹನ್ನೊಂದು ಅಗ್ಗ!"

ಚಿಕ್ಕಮಾದಪ್ಪ ಬಂದು ಸೊಸೆಯ ಹಣೆ ಮುಟ್ಟಿ ನೋಡಿದ. "ನಿಂಗೂ ಕಾಲುಬಾಯಿ ಬಂತಾ ಎಂಗೆ?"

ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು. ಹಿಂದಿನ ದಿನದಿಂದ ಈಚೆಗೆ ಮೊದಲ ಸಲ ಹಸಿವಾಯಿತು. ಬುತ್ತಿಯಲ್ಲಿದ್ದ ಎರಡು ಮುದ್ದೆಯನ್ನೂ ಅವಳೇ ತಿಂದಳು, ಮಾವನಿಗೆ ಬರೀ ಮಜ್ಜಿಗೆ ಉಳಿಯಿತು.

ಆ ಆ್ಯಪು ಮಾಡಿದವನು ಶಾಂತಮೂರ್ತಿ. ಕೊಳ್ಳೇಗಾಲದಲ್ಲಿ ಒಂದು ರೇಷ್ಮೆ ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಸಂಘಗಳಿಗೆ, ಅಂಗಡಿಗಳಿಗೆ ಇಂಥದ್ದನ್ನೆಲ್ಲ ಮಾಡಿಕೊಡುವವನು. ಸೋಮವಾರ ಮೊದಲ ಬಸ್ಸಿಗೇ ಯಶೋದ ಅವನ ಮೆಟ್ಟಿಲು ಹತ್ತಿದಳು. ವಿಷಯ ಕೇಳಿ ಅವನು ತಲೆಯಾಡಿಸಿದ. "ಇಲ್ಲ ಯಶೋದಮ್ಮ. ನಮ್ಮ ದಾಖಲೆ ಎಲ್ಲಾ ಕರೆಕ್ಟಾಗಿದೆ. ಗೌರಿ ಖಾಲಿ ಅಂತ್ಲೇ ಇದೆಯಲ್ಲ? ನೀವು ಅವಸರದಲ್ಲಿ ತಪ್ಪು ನೋಡಿರ್ತೀರಿ."

"ದಾಖ್ಲೆ ಸರಿ ಇರ್ಲಿ ಸಾ. ನಂಗೊಂದು ಏಳಿ. ಹದಿನಾಲ್ಕು ಸಾವಿರ ದನ ಇಷ್ಟು ಚಿಕ್ ಫೋನಲ್ಲಿ ಅಷ್ಟು ಬಿರ್ನೆ ಎಂಗೆ ಓಡ್ತವೆ?"

ತನ್ನ ಕೆಲಸದ ಬಗ್ಗೆ ಯಾರೂ ಯಾವತ್ತೂ ಕೇಳದ ಮನುಷ್ಯ ಅವನು. ಕೇಳಿದ್ದೇ ಸಾಕು, ಕುರ್ಚಿ ಮುಂದಕ್ಕೆ ಎಳೆದುಕೊಂಡ. "ಅದೇ ನೋಡಿ ಮಜಾ. ಮೊದ್ಲು ನಾನು ಹದಿನಾಲ್ಕು ಸಾವಿರಾನೂ ಒಟ್ಟಿಗೆ ತಂದು, ಒಂದೊಂದು ದನಕ್ಕೂ ಒಂದೊಂದು ಸಾಲು ಕಟ್ತಿದ್ದೆ. ಫೋನ್ ಸುಸ್ತು ಹೊಡೀತಿತ್ತು. ಈಗ ಐವತ್ತೈವತ್ತೇ ತರೋದು. ನೀವು ಕೆಳಗೆ ಸರಿಸ್ದಂಗೆ ಮುಂದಿನ ಐವತ್ತು ಬರ್ತವೆ. ಸಾಲುಗಳನ್ನಂತೂ ಕಣ್ಣಿಗೆ ಕಾಣೋವಷ್ಟೇ ಕಟ್ಟೋದು. ಮೇಲೆ ಮರೆಯಾದ ಸಾಲನ್ನೇ ಕೆಳಕ್ಕೆ ತಂದು, ಅದ್ರಲ್ಲಿ ಹೊಸ ದನದ ಫೋಟೋ, ನಂಬರು, ಹೆಸರು ತುಂಬ್ತದೆ."

"ನನ್ನ ಫೋನಲ್ಲಿ ಕಾಣೋದು ಎಂಟು ಸಾಲು. ಅಗ್ಗ ಹನ್ನೊಂದು ಯಾಕವೆ?"

ಶಾಂತಮೂರ್ತಿ ಬೆಚ್ಚಿದ. "ಹನ್ನೊಂದು ಅಂತ ನಿಮ್ಗೆ ಯಾರು ಹೇಳಿದ್ರು? ಮೇಲೆ ಕೆಳಗೆ ಒಂದೆರಡು ಸಾಲು ಸಿದ್ಧವಾಗಿ ಇಟ್ಕೊಂಡಿರ್ತದೆ, ಸರಿಸುವಾಗ ತಡವರಿಸಬಾರದು ಅಂತ. ಎಂಟು ಮತ್ತೆ ಮೂರು, ಹನ್ನೊಂದೇ ಆಗ್ತದೆ!"

"ಆ ಸಾಲು ಕೆಳಕ್ಕೆ ತರೋವಾಗ ಬಟ್ಟೆ ಬಿಚ್ಚುತ್ತಾ ಸಾ?"

"ಯಾವ ಬಟ್ಟೆ?"

ಯಶೋದ ದೊಡ್ಡಿಯ ಕಥೆ ಹೇಳಿದಳು. ಹೇಳುತ್ತ ಹೇಳುತ್ತ ಅವನ ಮುಖದ ನಗು ಮೆಲ್ಲಗೆ ಇಳಿಯಿತು. ಕಂಪ್ಯೂಟರಿನ ಕಡೆ ತಿರುಗಿ ಒಂದು ಸುಳ್ಳು ಬೀದಿ, ಅದರಲ್ಲಿ ಐವತ್ತು ಸುಳ್ಳು ದನ ಸೃಷ್ಟಿಸಿದ. ಮೂರನೆಯದಕ್ಕೆ ಮಾತ್ರ ಲಸಿಕೆ ಆಗಿದೆ ಎಂದು ಬರೆದ. ಅವಳ ಫೋನಿನಲ್ಲಿ ಆ ಪಟ್ಟಿ ತೆರೆದು ಮೆಲ್ಲಗೆ ಸರಿಸಿದ. ಇಬ್ಬರೂ ಬಗ್ಗಿ ನೋಡಿದರು. ಹನ್ನೆರಡು, ಹದಿಮೂರು ಖಾಲಿ. ಹದಿನಾಲ್ಕನೆಯದು ಹಸಿರು ಟಿಕ್ ತೊಟ್ಟು ಜುಮ್ಮನೆ ಮೇಲೆ ಬಂತು.

"ಥೂ, ನನ್ನ!" ಎಂದು ಶಾಂತಮೂರ್ತಿ ಹಣೆ ಚಚ್ಚಿಕೊಂಡ. ತಾನು ಬರೆದದ್ದನ್ನು ತೆರೆದು ಒಂದು ಜಾಗಕ್ಕೆ ಬೆರಳು ಮಾಡಿದ. "ಲಸಿಕೆ ಆಗಿದ್ರೆ ಟಿಕ್ ಹಾಕು ಅಂತ ಬರ್ದಿದೀನಿ. ಆಗಿರದಿದ್ರೆ ಹಳೇ ಟಿಕ್ ತೆಗಿ ಅಂತ ಬರ್ದೇ ಇಲ್ಲ. ಹೆಸರು, ನಂಬರು, ಫೋಟೋ ಎಲ್ಲಾ ಬದಲಾಯ್ಸಿದೆ, ಟಿಕ್ ಒಂದು ಮರ್ತೆ. ಒಂದು ಸಾಲು ಯಶೋದಮ್ಮ, ಒಂದೇ ಒಂದು ಸಾಲು!"

ಅವನು ಅಲ್ಲೇ ಆ ಒಂದು ಸಾಲು ಬರೆದು, ಮರುದಿನ ಯಳಂದೂರಿನ ಕಡೆ ಲಸಿಕೆ ಶುರುವಾಗುವ ಮೊದಲೇ ಎಲ್ಲರ ಫೋನಿಗೂ ಕಳಿಸಿದ. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿದ. "ಇದನ್ನ ಸಂಘದವರಿಗೆ ಹೇಳ್ಲೇಬೇಕಾ? ಸರಿ ಆಯ್ತಲ್ಲ ಈಗ."

"ಆ್ಯಪ್ ಸರಿ ಆಯ್ತು ಸಾ. ನಾನು ಸರಿ ಆಗೋದು ಯಾವಾಗ?" ಎಂದಳು ಯಶೋದ.

ಮಂಗಳವಾರ ಸಂಜೆ ಹಾಲು ಹಾಕಿ ಮುಗಿಸಿದ ಜನ ಕ್ಯಾನುಗಳ ಸಮೇತ ಡೈರಿಯ ಮುಂದೆ ಸೇರಿದರು. ಮಾದೇವಮ್ಮ ದೂರದ ಹುಣಸೆ ಮರದ ಬುಡದಲ್ಲಿ ನಿಂತಿದ್ದಳು, ರೋಗದ ಮನೆಯವಳು ಹತ್ತಿರ ಬರಬಾರದೆಂದು. ಯಶೋದ ಫೋನು ತೆಗೆಯಲಿಲ್ಲ. ಮಾವನ ಆರು ಹಗ್ಗ ತಂದಿದ್ದಳು. ಮೊದಲ ಆರು ಜನರ ಹೆಗಲಿಗೆ ಒಂದೊಂದು ಹಾಕಿ, ಮೊದಲನೆಯವನಾದ ನಾಗರಾಜುವಿನ ಹಗ್ಗಕ್ಕೆ ಕೆಂಪು ಬಟ್ಟೆ ಕಟ್ಟಿದಳು. ಆಮೇಲೆ ಅವನ ಹಗ್ಗ ಕಳಚಿ, ಬಟ್ಟೆ ಬಿಚ್ಚದೆ, ಸಾಲಿನ ಕೊನೆಗೆ ಹೋಗಿ ಏಳನೆಯವರ ಹೆಗಲಿಗೆ ಹಾಕಿದಳು. ಏಳನೆಯವರು ಸದಾಶಿವಪ್ಪ ಡಾಕ್ಟರು.

"ಈಗ ಏಳಿ, ಡಾಕ್ಟ್ರಿಗೆ ಸೂಜಿ ಚುಚ್ಚಿದ್ದೀವಾ?"

"ಇಲ್ಲ, ಬಟ್ಟೆ ಮಾತ್ರ ಅದೆ!" ಎಂದರು ಜನ. ಡಾಕ್ಟರು ತಮ್ಮ ಹೆಗಲಿನ ಹಗ್ಗವನ್ನು ಹಿಡಿದುಕೊಂಡು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. ಅವಳು ಹಾಳೆಯ ಅಂಕಿಗಳನ್ನು ಗಟ್ಟಿಯಾಗಿ ಓದಿದಳು. ಹಗೆ ಸಾಧಿಸುವವಳು ಹನ್ನೊಂದು ಹನ್ನೊಂದು ಎಣಿಸಿ ಸಾಧಿಸುತ್ತಾಳೆಯೇ ಎಂದು ಚಿಕ್ಕಮಾದಪ್ಪ ಹಿಂದಿನಿಂದ ಕೂಗಿದ. ಅಷ್ಟರಲ್ಲಿ ಒಂದು ಸ್ಕೂಟರು ಬಂದು ನಿಂತಿತು. ಶಾಂತಮೂರ್ತಿ ಹೆಲ್ಮೆಟ್ಟು ತೆಗೆಯುವ ಮೊದಲೇ ಮಾತು ಶುರು ಮಾಡಿದ. ತಪ್ಪು ತನ್ನದು, ಯಶೋದಮ್ಮನದಲ್ಲ, ಬರೆದು ಕೊಡಬೇಕೆಂದರೆ ಬರೆದು ಕೊಡುತ್ತೇನೆ ಎಂದ. ಕೊಳ್ಳೇಗಾಲದಿಂದ ಅಷ್ಟು ದೂರ ಅದೊಂದು ಮಾತಿಗಾಗಿ ಬಂದಿದ್ದ. ನನಗಂತೂ ಆ ಮನುಷ್ಯನ ಮೇಲೆ ಅಂದಿನಿಂದ ಗೌರವ.

ಡಾಕ್ಟರು ಪೆಟ್ಟಿಗೆ ತಂದು ಯಶೋದಳ ಕೈಗೆ ಕೊಟ್ಟರು. ಜನ ಮಾತಾಡುತ್ತ, ನಗುತ್ತ ಚದುರಿದರು. ಎಲ್ಲ ಮುಗಿಯಿತು ಎನ್ನಬೇಕು.

ಹುಣಸೆ ಮರದ ಕೆಳಗಿಂದ ಮಾದೇವಮ್ಮ ಕೂಗಿದಳು. ಈ ಸಲ ದನಿಯಲ್ಲಿ ಬೆಂಕಿ ಇರಲಿಲ್ಲ. "ಫೋನ್ ಮರೀತು, ಆಯ್ತು. ಒಪ್ದೆ. ಒಂದ್ ಮಾತ್ ಕೇಳ್ತೀನಿ. ಟಿಕ್ ಇದ್ದ ಬ್ಯಾರೆ ಮನೆಗಾದ್ರೂ ಅವತ್ತು ಓಗಿ 'ನಾಗರಾಜು ಬಂದಿದ್ನಾ' ಅಂತ ಕೇಳಿದ್ಯಾ, ಇಲ್ಲ ನನ್ನ ಮನೆ ಒಂದ್ನೇ ಬುಟ್ಯಾ?"

ಉತ್ತರಕ್ಕೆ ಕಾಯದೆ ಅವಳು ಮನೆಯ ಕಡೆ ನಡೆದಳು.

ಯಶೋದ ಪೆಟ್ಟಿಗೆ ಹಿಡಿದುಕೊಂಡು ಅಲ್ಲೇ ನಿಂತಳು. ಅಂದು ಟಿಕ್ ಇದ್ದ ಯಾವ ಮನೆಯ ಬಾಗಿಲಲ್ಲೂ ಅವಳು ನಿಲ್ಲಲಿಲ್ಲ, ನಿಜ. ಆದರೆ ಬೇರೆ ಯಾವ ಟಿಕ್ಕನ್ನು ನೋಡಿಯೂ ಅವಳ ಬಾಯಿಂದ 'ಸದ್ಯ' ಬಂದಿರಲಿಲ್ಲ. ಎಲ್ಲದಕ್ಕೂ ಹೇಗೆ, ಯಾಕೆ ಎಂದು ಕೇಳುವವಳು, ಒಂದೆರಡು ಎಂದಿದ್ದ ನಾಗರಾಜು ಹನ್ನೊಂದು ಹೇಗೆ ಮಾಡಿದ ಎಂದು ಅಂದು ಯಾಕೆ ಕೇಳಲಿಲ್ಲ? ಈ ಪ್ರಶ್ನೆಯ ಉತ್ತರಕ್ಕೆ ಕೊಳ್ಳೇಗಾಲಕ್ಕೆ ಹೋಗಬೇಕಾದ್ದಿರಲಿಲ್ಲ. ಕೇಳಿದ್ದರೆ ಆ ಟಿಕ್ ಸುಳ್ಳಾಗಬಹುದಿತ್ತು, ಸುಳ್ಳಾದರೆ ಮಾದೇವಮ್ಮನ ಹೊಸಿಲಿಗೆ ಹೋಗಬೇಕಾಗುತ್ತಿತ್ತು. ಕೆಂದಿಯನ್ನು ಬಿಟ್ಟದ್ದು ಫೋನು. ಗೌರಿಯನ್ನು ಬಿಟ್ಟದ್ದು ಫೋನು ಮತ್ತು ಯಶೋದ, ಇಬ್ಬರೂ.

ಹೇಳದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳದು ತಪ್ಪಿಲ್ಲವೆಂದು ಊರು ಒಪ್ಪಿಯಾಗಿತ್ತು, ಪೆಟ್ಟಿಗೆ ಕೈಗೆ ಬಂದಾಗಿತ್ತು.

ಅವಳು ಮನೆಗೆ ಬಂದು, ಮಾವ ಬಿಳಿಗಿರಿ ಬೆಟ್ಟದ ಸೋಲಿಗರಿಂದ ಕೊಂಡಿಟ್ಟಿದ್ದ ಜೇನುತುಪ್ಪದ ಬಾಟಲಿ ತೆಗೆದುಕೊಂಡಳು. ಬಾಯಿಹುಣ್ಣಿಗೆ ರಾಗಿಹಿಟ್ಟಿನಲ್ಲಿ ಜೇನು ಕಲಸಿ ಸವರಿದರೆ ಹಸು ಬೇಗ ಮೇವು ಹಿಡಿಯುತ್ತದೆ. ಕೆಂದಿ ಇರುವ ಕೊಟ್ಟಿಗೆಗೆ ಸೋಂಕು ಬರಬಾರದೆಂದು ಗೋಡೆ ದಾಟಲಿಲ್ಲ. ಬಾಟಲಿಯನ್ನು ಗೋಡೆಯ ಮೇಲಿಟ್ಟಳು.

"ಮಾದೇವಕ್ಕ."

ಮಾದೇವಮ್ಮ ಗೌರಿಯ ಬಾಯಿ ತೊಳೆಯುತ್ತಿದ್ದವಳು ತಲೆಯೆತ್ತಿದಳು.

"ಅವತ್ತು ಗೌರಿ ಮುಂದೆ ಟಿಕ್ ನೋಡಿ ನಂಗೆ ಖುಷಿ ಆಯ್ತು ಅಕ್ಕ. ನಿಮ್ಮ ಬಾಗ್ಲಿಗೆ ಬರೋದು ತಪ್ತಲ್ಲ ಅಂತ. ಅದು ಫೋನ್ ತಪ್ಪಲ್ಲ, ನನ್ನ ತಪ್ಪು."

ಮಾದೇವಮ್ಮ ಕೈಯ ನೀರು ಸೆರಗಿಗೆ ಒರೆಸಿಕೊಂಡು ಗೋಡೆಯ ಹತ್ತಿರ ಬಂದಳು, ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದಳು. ಅವಳ ಕಣ್ಣು ಕೆಂಪಾಗಿತ್ತು.

"ಅದು ನಂಗ್ ಮೊದ್ಲೇ ಗೊತ್ತಿತ್ತು ಕಣೆ" ಎಂದಳು. "ಡಾಕ್ಟ್ರು ಲಸಿಕೆ ಆಗಿಲ್ಲ ಅಂದಾಗ ನಿನ್ನ ಮ್ಯಾಲೆ ಕೂಗಾಡಾಕೆ ನಂಗೂ ಅಷ್ಟೇ ಖುಷಿ ಆಗಿತ್ತು."

ಗೌರಿ ಹಿಂದಿನಿಂದ ಒಮ್ಮೆ ಕೆಮ್ಮಿತು. ಮಾದೇವಮ್ಮ ಬಾಟಲಿಯ ಮುಚ್ಚಳ ತೆಗೆಯಲು ನೋಡಿದಳು, ಒದ್ದೆ ಕೈಗೆ ಬರಲಿಲ್ಲ.

"ಎಷ್ಟು ರಾಗಿ ಇಟ್ಟಿಗೆ ಎಷ್ಟು ಜೇನು ಆಕ್ಬೇಕೇ?" ಎಂದು ಕೇಳಿದಳು.

ಯಶೋದ ಗೋಡೆಯ ಈಚೆ ಕೂತು ಹೇಳತೊಡಗಿದಳು.